ಕೋಟಿಗಿಂತ ಮೊದಲು ಪ್ಯಾಂಟು: ಮೆಸ್ ಡ್ರೆಸ್ ಹೊಲಿಸುವ ಬಗೆ

ಮದುವೆಗೆ ಹೊಲಿಸುವ ಸೂಟಿನ ಕೋಟು ಸೊಂಟ ದಾಟಿ ಕೆಳಗಿಳಿಯುತ್ತದೆ. ಪ್ಯಾಂಟಿನ ಪಟ್ಟಿ ಎಲ್ಲಿ ಕೂತಿದೆ, ಬೆಲ್ಟು ಎಷ್ಟು ಬಿಗಿದಿದೆ, ಅಂಗಿ ಎಲ್ಲಿ ಉಬ್ಬಿದೆ ಎಂಬುದೆಲ್ಲ ಅದರಡಿ ಮುಚ್ಚಿಹೋಗುತ್ತದೆ. ಸೇನೆಯ ಅಧಿಕಾರಿಗಳು ತಮ್ಮ ಮೆಸ್ಸಿನ ಔತಣದೂಟಕ್ಕೆ ತೊಡುವ ಮೆಸ್ ಡ್ರೆಸ್ಸಿನ ಗಿಡ್ಡ ಕೋಟು ಹಾಗಲ್ಲ. ಅದು ಸೊಂಟಕ್ಕೇ ನಿಂತುಬಿಡುತ್ತದೆ, ತೆರೆದ ಕಾಲರಿನದಾದರೆ ಮುಂದೆ ಗುಂಡಿ ಹಾಕುವಂತೆಯೂ ಇರುವುದಿಲ್ಲ. ಪ್ಯಾಂಟು ಒಂದೂವರೆ ಇಂಚು ಕೆಳಗೆ ಕೂತರೆ ಸಾಕು, ಕೋಟಿಗೂ ಸೊಂಟಕ್ಕೆ ಸುತ್ತುವ ಅಗಲ ಪಟ್ಟಿಯಾದ ಕಮರ್‌ಬಂದಿಗೂ ನಡುವೆ ಬಿಳಿ ಅಂಗಿ ಇಣುಕುತ್ತದೆ. ಆಮೇಲೆ ಕೋಟನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ತಪ್ಪಿರುವುದು ಕೋಟಿನಲ್ಲಲ್ಲ. ಹೆಚ್ಚಿನವರು ಕೋಟಿನ ಅಳತೆ ಮೊದಲು ಕೊಟ್ಟು, ಪ್ಯಾಂಟನ್ನು 'ಮಾಮೂಲಿ ಹಾಗೆ ಹೊಲೀರಿ' ಎಂದು ಹೇಳಿ ಬರುತ್ತಾರೆ. ಕೆಲಸ ಕೆಡುವುದು ಅಲ್ಲೇ.

ಸರಿಯಾದ ಸರದಿ ಹೀಗಿದೆ: ಮೊದಲು ಬೂಟು, ಆಮೇಲೆ ಪ್ಯಾಂಟು, ಅಂಗಿ, ಕಮರ್‌ಬಂದು, ಕೊನೆಗೆ ಕೋಟು. ಒಂದರ ಮೇಲೆ ಒಂದನ್ನು ತೊಟ್ಟು ಮುಂದಿನದರ ಅಳತೆ ಕೊಡಬೇಕು.

ಬೀದರ್‌ನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ. ವಿಮಾನ ಕಸರತ್ತಿನ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಇಲ್ಲೇ, ಹಾಕ್ ತರಬೇತಿ ವಿಮಾನಗಳು 2008ರಲ್ಲಿ ಬಂದಿಳಿದದ್ದೂ ಇಲ್ಲಿಗೇ. ಹಾಗಾಗಿ ಊರಿನ ಜನಕ್ಕೆ ಸಮವಸ್ತ್ರ ಹೊಸದಲ್ಲ. ಆದರೂ ಕಲಬುರಗಿ, ಯಾದಗಿರಿ ಕಡೆಯ ಮಗನೋ ಮಗಳೋ ಡುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲೋ ಡೆಹ್ರಾಡೂನ್‌ನ ಸೇನಾ ಅಕಾಡೆಮಿಯಲ್ಲೋ ತರಬೇತಿ ಮುಗಿಸಿ ರಜೆಗೆ ಬಂದಾಗ, ಎರಡೇ ವಾರದಲ್ಲಿ ಮೆಸ್ ಡ್ರೆಸ್ ಆಗಬೇಕೆಂದು ಮನೆಯವರೆಲ್ಲ ಓಡಾಡುವುದುಂಟು. ಎರಡು ವಾರ ಸಾಲದು. ಬಟ್ಟೆ ಕುಗ್ಗಿಸಲು, ಎರಡು ಟ್ರಯಲ್‌ಗೆ, ಜರಿ ಕೆಲಸಕ್ಕೆ, ಪುಟ್ಟ ಪದಕಗಳನ್ನು ಕಟ್ಟಿಸಲು ಎಲ್ಲ ಸೇರಿ ಐದಾರು ವಾರ ಇಟ್ಟುಕೊಳ್ಳಿ. ಅದು ಮದುವೆ ಹಂಗಾಮು ಆಗಿದ್ದರೆ ಎಂಟು ವಾರ. ಆ ದಿನಗಳಲ್ಲಿ ಒಳ್ಳೆ ದರ್ಜಿಯ ಮೇಜಿನ ಮೇಲೆ ಶೇರ್ವಾನಿಗಳ ರಾಶಿಯೇ ಇರುತ್ತದೆ, ಮೆಸ್ ಕೋಟು ಅದರ ಅಡಿಗೆ ಸೇರಿಕೊಳ್ಳುತ್ತದೆ.

ಆದೇಶ ಕೈಗೆ ಬರದೆ ಬಟ್ಟೆ ಕೊಳ್ಳಬೇಡಿ

ಮೆಸ್ ಡ್ರೆಸ್ ಎಂದರೆ ಒಂದೇ ಉಡುಪಲ್ಲ. ಭೂಸೇನೆಗೆ ಒಂದು, ನೌಕಾಪಡೆಗೆ ಒಂದು, ವಾಯುಪಡೆಗೆ ಇನ್ನೊಂದು. ಭೂಸೇನೆಯಲ್ಲಿ ರೆಜಿಮೆಂಟಿಗೆ ರೆಜಿಮೆಂಟಿಗೆ ಕಮರ್‌ಬಂದಿನ ಬಣ್ಣ ಬೇರೆ. ಚಳಿಗಾಲದ್ದು ಬೇರೆ, ಬೇಸಿಗೆಯದು ಬೇರೆ. ಬೇಸಿಗೆಯಲ್ಲಿ ಕೋಟೇ ಇಲ್ಲದೆ ಬಿಳಿ ಅರ್ಧತೋಳಿನ ಅಂಗಿ, ಹೆಗಲಪಟ್ಟಿ, ಕಪ್ಪು ಪ್ಯಾಂಟು, ಕಮರ್‌ಬಂದು ಇಷ್ಟರಲ್ಲೇ ಮುಗಿಯುವ ಬಗೆಯೂ ಇದೆ. ನೌಕಾಪಡೆಯವರು ಅದನ್ನು ರೆಡ್ ಸೀ ರಿಗ್ ಎನ್ನುತ್ತಾರೆ. ಮೇ ತಿಂಗಳ ಕಲಬುರಗಿ ಬಿಸಿಲನ್ನು ಕಂಡವರಿಗೆ ಈ ಉಡುಪು ಯಾಕೆ ಹುಟ್ಟಿತೆಂದು ಬಿಡಿಸಿ ಹೇಳಬೇಕಿಲ್ಲ.

ಹೀಗಾಗಿ ಸೇರಲಿರುವ ಘಟಕದ ಆಡಳಿತ ನೋಡುವ ಅಡ್ಜುಟೆಂಟ್‌ರಿಂದಲೋ ಮೆಸ್ ಸೆಕ್ರೆಟರಿಯಿಂದಲೋ ಈಗ ಜಾರಿಯಲ್ಲಿರುವ ಉಡುಪಿನ ಆದೇಶವನ್ನು ಬರಹದಲ್ಲಿ ತರಿಸಿಕೊಳ್ಳಿ. ಅದರಲ್ಲಿ ನೋಡಬೇಕಾದ್ದು ಇವು: ಕೋಟಿನ ಕಾಲರು ಮುಚ್ಚಿದ್ದೋ ತೆರೆದದ್ದೋ, ಬಟ್ಟೆಯ ಬಣ್ಣ, ಕಮರ್‌ಬಂದೋ ವೇಸ್ಟ್‌ಕೋಟೋ, ಅಂಗಿಯ ಕಾಲರಿನ ಬಗೆ, ಪ್ಯಾಂಟಿನ ಪಕ್ಕದ ಪಟ್ಟಿಯ ಅಗಲ ಮತ್ತು ಬಣ್ಣ, ದರ್ಜೆಯ ಗುರುತು ಹೆಗಲ ಮೇಲೋ ತೋಳಿನ ತುದಿಗೋ, ಹಾರಾಟದ ರೆಕ್ಕೆಯ ಬಿಲ್ಲೆ ಇದ್ದರೆ ಅದರ ಗಾತ್ರ ಮತ್ತು ಜಾಗ. ಇದರ ಜೊತೆಗೆ ಅದೇ ಘಟಕದ ಒಬ್ಬ ಅಧಿಕಾರಿ ಸರಿಯಾಗಿ ಉಟ್ಟು ನಿಂತ ಮೂರು ಫೋಟೋ ಬೇಕು: ಎದುರಿನಿಂದ, ಪಕ್ಕದಿಂದ, ಹಿಂದಿನಿಂದ. ಹಿಂದಿನ ಫೋಟೋವನ್ನು ಯಾರೂ ಕೇಳುವುದಿಲ್ಲ, ದರ್ಜಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಮಾತ್ರ ಅದೇ. ಚಿಕ್ಕಪ್ಪನ ಕಾಲದ ಫೋಟೋ ತೋರಿಸಿ ಹೊಲಿಸಬೇಡಿ. ನಿಯಮಗಳು ಬದಲಾಗಿರುತ್ತವೆ.

ದರ್ಜಿಯ ಬಳಿ ಹೋಗುವಾಗ ಗುರುತಿನ ಚೀಟಿ ಜೊತೆಗಿರಲಿ. ಸೈನಿಕನಲ್ಲದವನು ಸೈನಿಕನೆಂದು ನಂಬಿಸಲು ಸಮವಸ್ತ್ರ ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಂತೆ ಮೂರು ತಿಂಗಳವರೆಗೆ ಸಜೆಯಾಗಬಹುದು. ಜವಾಬ್ದಾರಿಯುಳ್ಳ ದರ್ಜಿ ಚೀಟಿ ಕೇಳಿಯೇ ಕೇಳುತ್ತಾನೆ. ಕೇಳದೆ ಹೊಲಿದು ಕೊಡುವವನ ಬಗ್ಗೆ ತುಸು ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು.

ಯಾರ ಹತ್ತಿರ ಹೊಲಿಸಬೇಕು

ಇದಕ್ಕೆ ಉತ್ತರ ಕಾಲರು ಹೇಳುತ್ತದೆ. ಮುಚ್ಚಿದ ಕಾಲರಿನ ಕೋಟಾದರೆ ಊರು ಬಿಟ್ಟು ಹೋಗಬೇಕಾಗಿಲ್ಲ. ಕಲಬುರಗಿ, ಬೀದರ್‌ನಲ್ಲಿ ಶೇರ್ವಾನಿ ಹೊಲಿದು ಕೈ ಪಳಗಿದ ದರ್ಜಿಗಳಿದ್ದಾರೆ. ನಿಂತ ಕಾಲರು, ಎದೆಗೆ ಕ್ಯಾನ್ವಾಸು, ಕೈಯಿಂದ ಮಾಡುವ ಕಾಜಾ ಅವರಿಗೆ ದಿನದ ಕೆಲಸ. ಕಾಲರು ಗಟ್ಟಿಯಾಗಿ ನಿಲ್ಲಲು ಒಳಗೆ ಬಕ್ರಂ ಬಟ್ಟೆ ಕೂಡಿಸುವುದರಲ್ಲಿ ಅವರು ದೊಡ್ಡ ಊರಿನ ಸೂಟು ದರ್ಜಿಗಳಿಗಿಂತ ಎಷ್ಟೋ ಪಾಲು ಮೇಲು.

ತೆರೆದ ಕಾಲರಿನ ಗಿಡ್ಡ ಕೋಟಿನ ಕತೆ ಬೇರೆ. ಅದರ ಬೆನ್ನು ಕೆಳಗೆ ಚೂಪಾಗಿ ಇಳಿಯಬೇಕು, ಮುಂದಿನ ಎರಡು ಅಂಚು ಗುಂಡಿಯ ಆಸರೆ ಇಲ್ಲದೆ ಎದೆಗೆ ಅಂಟಿ ನಿಲ್ಲಬೇಕು. ಇಂಥದ್ದನ್ನು ಹತ್ತಾರು ಹೊಲಿದವರ ಕೈಗೇ ಇದು ಒಗ್ಗುವುದು. ಅದಕ್ಕೆ ಸಿಕಂದರಾಬಾದಿನ ದಂಡು ಪ್ರದೇಶದ ಮಿಲಿಟರಿ ದರ್ಜಿಗಳೇ ಸೈ. ಬೀದರ್‌ನಿಂದ ಸುಮಾರು 150 ಕಿಲೋಮೀಟರ್, ಬೆಳಿಗ್ಗೆ ಹೋಗಿ ಸಂಜೆಗೆ ತಿರುಗಿ ಬರಬಹುದು. ಅಳತೆಗೆ ಒಮ್ಮೆ, ಕಚ್ಚಾ ಟ್ರಯಲ್‌ಗೆ ಒಮ್ಮೆ, ಕೊನೆಯ ಟ್ರಯಲ್‌ಗೆ ಒಮ್ಮೆ ಎಂದು ಮೂರು ಸಲ ಹೋಗಲೇಬೇಕು. 'ಅಳತೆ ವಾಟ್ಸಾಪ್‌ನಲ್ಲಿ ಕಳಿಸಿ, ಕೊರಿಯರ್ ಮಾಡ್ತೀವಿ' ಎನ್ನುವವರಿಂದ ಅಂಗಿ ತರಿಸಿ, ಕಮರ್‌ಬಂದು ತರಿಸಿ, ಕೋಟು ಮಾತ್ರ ಬೇಡ. ಪ್ಯಾಂಟು, ಅಂಗಿಯನ್ನು ಊರಲ್ಲೇ ಹೊಲಿಸಿ, ಅವನ್ನು ಉಟ್ಟುಕೊಂಡು ಹೋಗಿ ಕೋಟಿನ ಅಳತೆ ಕೊಟ್ಟರೂ ನಡೆಯುತ್ತದೆ. ಆದರೆ ಕೋಟು, ಪ್ಯಾಂಟು ಒಂದೇ ಬಣ್ಣದ್ದಾದರೆ ಬಟ್ಟೆ ಎರಡಕ್ಕೂ ಒಂದೇ ಥಾನಿನದಾಗಿರಬೇಕು.

ಬಟ್ಟೆ

ಚಳಿಗಾಲದ ಕೋಟಿಗೆ ಹಳೆಯ ಕಾಲದಿಂದ ಬಂದದ್ದು ಬರಾಥಿಯಾ. ಒತ್ತಾಗಿ ನೇಯ್ದ, ಮೇಲ್ಮೈಯಲ್ಲಿ ಸಣ್ಣ ಕಾಳಿನಂಥ ಒರಟು ಇರುವ, ಹೊಳೆಯದ ಉಣ್ಣೆ ಬಟ್ಟೆ ಅದು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಟೆರಿವುಲ್, ಅಂದರೆ ಪಾಲಿಯೆಸ್ಟರ್ ಬೆರೆಸಿದ ಉಣ್ಣೆ. ಅದು ಕೆಟ್ಟದ್ದೇನಲ್ಲ, ಸುಕ್ಕು ಕಡಿಮೆ, ಬಾಳಿಕೆ ಹೆಚ್ಚು. ಆದರೆ ನೇರ ಇಸ್ತ್ರಿ ತಾಗಿದರೆ ಮೊಣಕೈ ಮತ್ತು ಕೂರುವ ಜಾಗದಲ್ಲಿ ಹೊಳಪು ಬರುತ್ತದೆ, ಆ ಹೊಳಪು ಮತ್ತೆ ಹೋಗುವುದಿಲ್ಲ. ಚದರ ಮೀಟರಿಗೆ 240ರಿಂದ 280 ಗ್ರಾಂ ತೂಕದ್ದು ನಮ್ಮ ಕಡೆಯ ಚಳಿಗಾಲಕ್ಕೆ ಹಿತ. 220ಕ್ಕಿಂತ ಹಗುರವಾದದ್ದರಲ್ಲಿ ಗಿಡ್ಡ ಕೋಟು ನಿಲ್ಲುವುದಿಲ್ಲ, ಮುಂದಿನ ಅಂಚು ಒಣಗಿದ ಎಲೆಯಂತೆ ಮುರುಟಿಕೊಳ್ಳುತ್ತದೆ. ಬಿಳಿ ಕೋಟಿಗೆ ಹತ್ತಿಯ ಡ್ರಿಲ್ ಅಥವಾ ಗ್ಯಾಬರ್ಡೀನ್ ತಗೊಳ್ಳಿ.

58 ಇಂಚು ಅಗಲದ ಬಟ್ಟೆಯಲ್ಲಿ ಸಾಧಾರಣ ಎತ್ತರದವರಿಗೆ ಕೋಟಿಗೆ ಒಂದೂವರೆ ಮೀಟರ್, ಪ್ಯಾಂಟಿಗೆ ಒಂದೂಕಾಲು ಮೀಟರ್ ಬೇಕು. ಆರು ಅಡಿ ದಾಟಿದವರು ಎರಡಕ್ಕೂ 15 ಸೆಂಟಿಮೀಟರ್ ಸೇರಿಸಿ. ಇದರ ಮೇಲೆ 30 ಸೆಂಟಿಮೀಟರ್ ಹೆಚ್ಚು ಕೊಂಡು ಮನೆಯಲ್ಲಿ ಎತ್ತಿಡಿ. ಮುಂದೆ ಮೈ ತುಂಬಿದಾಗಲೋ ಬೂದಿಯ ಕಿಡಿ ತಾಗಿದಾಗಲೋ ಅದೇ ಥಾನಿನ ತುಂಡು ಇದ್ದವನು ಬಚಾವು. ಕಪ್ಪು, ಕಡುನೀಲಿ ಬಟ್ಟೆಯನ್ನು ಟ್ಯೂಬ್‌ಲೈಟಿನಡಿ ಆರಿಸಬೇಡಿ. ಬಿಸಿಲಿಗೆ ಒಮ್ಮೆ, ಹಳದಿ ಬಲ್ಬಿನಡಿ ಒಮ್ಮೆ ಹಿಡಿದು ನೋಡಿ. ಅಗ್ಗದ ಕಪ್ಪು ಬಣ್ಣ ಹಳದಿ ಬೆಳಕಿನಲ್ಲಿ ಹಸಿರಿಗೋ ಕಂದಿಗೋ ತಿರುಗುತ್ತದೆ, ಮೆಸ್ಸಿನ ಊಟದ ಕೋಣೆಯಲ್ಲಿ ಉರಿಯುವುದು ಹೆಚ್ಚಾಗಿ ಆ ಬೆಳಕೇ.

ಕತ್ತರಿಸುವ ಮೊದಲು ಬಟ್ಟೆಯನ್ನು ಕುಗ್ಗಿಸಬೇಕು. ಹತ್ತಿಯದಾದರೆ ಇಡೀ ರಾತ್ರಿ ನೀರಿನಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ. ಉಣ್ಣೆಯದಾದರೆ ಒದ್ದೆ ಬಟ್ಟೆಯ ನಡುವೆ ಸುತ್ತಿ ಒಂದು ರಾತ್ರಿ ಇಟ್ಟು, ಹರವಿ ಒಣಗಿಸಬೇಕು. ಬಿಳಿ ಕೋಟಿನ ಒಳಗೆ ಹೋಗುವ ಕ್ಯಾನ್ವಾಸಿಗೂ ಅಸ್ತರಿಗೂ ಇದೇ ಉಪಚಾರ ಆಗಲಿ. ಮೇಲಿನ ಬಟ್ಟೆ ಮಾತ್ರ ಕುಗ್ಗಿಸಿ ಒಳಗಿನದನ್ನು ಹಾಗೇ ಬಿಟ್ಟರೆ, ಮೊದಲನೇ ಒಗೆತಕ್ಕೇ ಒಳಗಿನದು ಕುಗ್ಗಿ ಎದೆಯ ಮೇಲೆಲ್ಲ ನೆರಿಗೆ ಏಳುತ್ತದೆ. ಅಂಟಿಸುವ ಫ್ಯೂಸಿಂಗನ್ನು ಕಾಲರಿಗೆ ಹಾಕಿದರೆ ತಡೆಯುತ್ತದೆ. ಎದೆಗೆ ಹಾಕಿಸಬೇಡಿ. ಹಬೆ ಇಸ್ತ್ರಿ ತಗಲಿ ತಗಲಿ ಅಂಟು ಬಿಟ್ಟು ಗುಳ್ಳೆ ಬರುತ್ತದೆ, ಪದಕಗಳ ಪಕ್ಕದಲ್ಲೇ ಬರುತ್ತದೆ.

ಪ್ಯಾಂಟು

ಈಗಿನ ಪ್ಯಾಂಟುಗಳಲ್ಲಿ ಕಾಲುಗಳು ಕೂಡುವಲ್ಲಿಂದ ಮುಂದಿನ ಪಟ್ಟಿಯ ಮೇಲ್ತುದಿಯವರೆಗೆ ಒಂಬತ್ತರಿಂದ ಹತ್ತು ಇಂಚು ಇರುತ್ತದೆ. ಮೆಸ್ ಪ್ಯಾಂಟಿಗೆ, ಐದೂಮುಕ್ಕಾಲು ಅಡಿ ಎತ್ತರದವನಿಗೆ, ಹನ್ನೊಂದೂವರೆಯಿಂದ ಹನ್ನೆರಡೂವರೆ ಇಂಚು ಬೇಕು. ಪಟ್ಟಿ ಹೊಕ್ಕುಳ ಮಟ್ಟಕ್ಕೆ ಬರಬೇಕು. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಚೀಟಿಯಲ್ಲಿ ಬರೆದುಕೊಡಿ. ದರ್ಜಿಯ ಕೈಗೆ ರೂಢಿಯಾದದ್ದು ಹತ್ತು ಇಂಚು, ಕತ್ತರಿ ತಾನಾಗಿ ಅಲ್ಲಿಗೇ ಹೋಗುತ್ತದೆ. ಹೀಗೆ ಹೇಳಿದರೆ ಬಹಳ ದರ್ಜಿಗಳಿಗೆ ತಟ್ಟನೆ ತಿಳಿಯುತ್ತದೆ: 'ನಮ್ಮಜ್ಜನ ಪ್ಯಾಂಟಿನ ಹಾಗೆ.'

ಬೆಲ್ಟಿನ ಲೂಪು ಬೇಡ. ಕಮರ್‌ಬಂದಿನಡಿ ಅವು ಗಂಟುಗಂಟಾಗಿ ಎದ್ದು ಕಾಣುತ್ತವೆ. ಪ್ಯಾಂಟನ್ನು ಹಿಡಿಯುವುದು ಹೆಗಲ ಮೇಲಿಂದ ಬರುವ ಎರಡು ಪಟ್ಟಿ, ಅಂದರೆ ಗ್ಯಾಲಿಸ್. ಅದಕ್ಕೆ ಪಟ್ಟಿಯ ಒಳಗಡೆ ಆರು ಗುಂಡಿ: ಮುಂದೆ ಒಂದೊಂದು ಕಡೆಗೆ ಎರಡು, ಹಿಂದೆ ನಡುವಿನ ಹೊಲಿಗೆಯ ಆಚೀಚೆ ಒಂದೊಂದು. ಮುಂದಿನ ಮೊದಲ ಗುಂಡಿ ಇಸ್ತ್ರಿ ಗೆರೆಯ ನೇರಕ್ಕೆ, ಎರಡನೆಯದು ಅಲ್ಲಿಂದ ಪಕ್ಕಕ್ಕೆ ಮೂರು ಇಂಚು. ಮೊದಲನೆಯದು ಗೆರೆಯಿಂದ ಸರಿದರೆ ಗೆರೆಯೇ ಓರೆಯಾಗಿ ಇಳಿಯುತ್ತದೆ. ಕ್ಲಿಪ್ಪಿನ ಗ್ಯಾಲಿಸ್ ಕೊಳ್ಳಬೇಡಿ. ಊಟದ ನಡುವೆ ಕಳಚಿ ಬೆನ್ನಿಗೆ ಚಟ್ ಎಂದು ಬಡಿಯುವುದು ಅದರ ಹುಟ್ಟುಗುಣ.

ಕೆಳಗಿನ ಮಡಿಕೆ ಹೊರಗೆ ಕಾಣಬಾರದು. ತುದಿ ಓರೆಯಾಗಿರಲಿ, ಹಿಂದೆ ಮುಂದಿಗಿಂತ ಅರ್ಧ ಇಂಚು ಉದ್ದ. ಹೀಗಿದ್ದರೆ ಬೂಟಿನ ಮೇಲೆ ಒಂದೇ ಸಣ್ಣ ಮುರಿತ ಬಿದ್ದು ಹಿಮ್ಮಡಿ ಮುಚ್ಚುತ್ತದೆ. ಈ ಅಳತೆಗಾಗಿಯೇ ಬೂಟು ಮೊದಲು ಬೇಕು ಎಂದದ್ದು. ಚಪ್ಪಲಿಯಲ್ಲಿ ನಿಂತು ಕೊಟ್ಟ ಅಳತೆಯ ಪ್ಯಾಂಟು ಬೂಟು ಹಾಕಿದಾಗ ಮುಕ್ಕಾಲು ಇಂಚು ಮೇಲೇರುತ್ತದೆ.

ಪಕ್ಕದ ಪಟ್ಟಿ ಇರುವ ಪ್ಯಾಂಟಾದರೆ ಇನ್ನೂ ಒಂದು ಕೆಲಸವಿದೆ. ಪಟ್ಟಿಯ ಮೇಲೆ ಮೊದಲೇ ಹಬೆ ಹಾಯಿಸಿ ಕುಗ್ಗಿಸಿ, ಆಮೇಲೆ ಹೊಲಿಯಬೇಕು. ಎರಡೂ ಅಂಚನ್ನು ಮೇಲಿನಿಂದ ಕೆಳಕ್ಕೆ, ಒಂದೇ ದಿಕ್ಕಿನಲ್ಲಿ ಹೊಲಿಯಲಿ. ಒಂದು ಅಂಚನ್ನು ಇಳಿಸಿ, ಮಿಷನ್ ತಿರುಗಿಸಿ ಇನ್ನೊಂದನ್ನು ಏರಿಸಿ ಹೊಲಿದರೆ ಪಟ್ಟಿ ತಿರುಚಿಕೊಳ್ಳುತ್ತದೆ, ಕಾಲು ಬಾಗಿದಂತೆ ಕಾಣುತ್ತದೆ. ಆ ತಪ್ಪಿಗೆ ಇಸ್ತ್ರಿಯಲ್ಲಿ ಪರಿಹಾರವಿಲ್ಲ, ಬಿಚ್ಚಿ ಹೊಲಿಯಬೇಕು.

ಅಂಗಿ, ಬೋ, ಕಮರ್‌ಬಂದು

ಅಂಗಿಯ ಕೈತುದಿ ಕೋಟಿನ ತೋಳಿನಿಂದ ಅರ್ಧ ಇಂಚು ಹೊರಗೆ ಕಾಣಬೇಕು, ಕಾಲರು ಕೋಟಿನ ಕಾಲರಿಗಿಂತ ಹಿಂದೆ ಅರ್ಧ ಇಂಚು ಮೇಲಿರಬೇಕು. ಅಂಗಿಯ ಉದ್ದ ತೊಡೆಯ ನಡುವಿನವರೆಗೆ ಇರಲಿ. ಗಿಡ್ಡ ಅಂಗಿ ಕೂತೆದ್ದಾಗ ಪ್ಯಾಂಟಿನಿಂದ ಕಿತ್ತುಕೊಂಡು ಮೇಲೆ ಬರುತ್ತದೆ. ಬೋ ಟೈ ಕೈಯಿಂದ ಕಟ್ಟುವಂಥದ್ದೇ ಆಗಲಿ. ಕನ್ನಡಿ ಮುಂದೆ ಹತ್ತು ದಿನ ಅಭ್ಯಾಸ ಮಾಡಿದರೆ ಬರುತ್ತದೆ. ಮೊದಲಿಗೆ ತೊಡೆಯ ಸುತ್ತ ಕಟ್ಟಿ ಕಲಿಯಿರಿ, ಅಲ್ಲಿ ಗಂಟು ಕಣ್ಣಿಗೆ ಕಾಣುತ್ತದೆ.

ಕಮರ್‌ಬಂದಿನ ಹೆಸರು ಇಂಗ್ಲಿಷಿನವರಿಂದ ಬಂದದ್ದೆಂದು ತಿಳಿದವರಿದ್ದಾರೆ. ಪಾರ್ಸಿಯಲ್ಲಿ ಕಮರ್ ಎಂದರೆ ಸೊಂಟ, ಬಂದ್ ಎಂದರೆ ಕಟ್ಟು. ಇಂಗ್ಲಿಷಿನವರು ಅದನ್ನು ಹಿಂದೂಸ್ತಾನದಲ್ಲಿ ಕಂಡು ಹೆಸರಿನ ಸಮೇತ ಎತ್ತಿಕೊಂಡರು. ಬಹಮನಿಗಳ ಊರಿನಲ್ಲಿ ಕೂತು ಅದನ್ನು ಪರದೇಶದ ಸಾಮಾನೆಂದು ಕೊಳ್ಳುವುದು ಒಂದು ತಮಾಷೆಯೇ ಸರಿ.

ಅದರ ನೆರಿಗೆಯ ಬಾಯಿ ಮೇಲ್ಮುಖವಾಗಿರಬೇಕು. ತಲೆಕೆಳಗಾಗಿ ಕಟ್ಟಿಕೊಂಡವರನ್ನು ಪ್ರತಿ ಮೆಸ್ ರಾತ್ರಿಯಲ್ಲೂ ಕಾಣಬಹುದು. ಮುಂದೆ ನಾಲ್ಕೂವರೆ ಇಂಚು ಅಗಲ, ಹಿಂದೆ ಎರಡೂವರೆ ಸಾಕು. ಕಾಲು ಮೀಟರಿನಲ್ಲಿ ಆಗುತ್ತದೆಂದು ಅಂಗಡಿಯವರು ಹೇಳುತ್ತಾರೆ, ಆಗುವುದಿಲ್ಲ. ನಾಲ್ಕೈದು ನೆರಿಗೆ ಬೀಳಲು 13-14 ಇಂಚು ಅಗಲದ ರೇಷ್ಮೆ ಅಥವಾ ಸ್ಯಾಟಿನ್ ಬೇಕು, ಉದ್ದ ಪಕ್ಕೆಯಿಂದ ಪಕ್ಕೆಗೆ. ಎರಡು ಪಕ್ಕೆಗೂ ಒಂದೊಂದು ತೆಳು ಪ್ಲಾಸ್ಟಿಕ್ ಕಡ್ಡಿ ಒಳಗೆ ಹೊಲಿಸಿ. ಅದಿಲ್ಲದಿದ್ದರೆ ಕೂತಾಗ ಸುರುಳಿ ಸುತ್ತಿ ಹಗ್ಗದಂತಾಗುತ್ತದೆ. ಒಳಮೈಯಲ್ಲಿ ನಡುವಿಗೆ ಒಂದು ಎಲಾಸ್ಟಿಕ್ ಲೂಪು ಹಾಕಿ ಪ್ಯಾಂಟಿನ ಗುಂಡಿಗೆ ಸಿಕ್ಕಿಸಿದರೆ ಮೇಲೇರುವುದಿಲ್ಲ. ರೆಜಿಮೆಂಟಿನ ಬಣ್ಣದ ಕಮರ್‌ಬಂದು ಬೇಕಾದವರು ಮಾತ್ರ ಪೇಟೆಯಲ್ಲಿ ಬಣ್ಣ ಹೊಂದಿಸಲು ಹೋಗಬೇಡಿ, ರೆಜಿಮೆಂಟಿನಿಂದಲೇ ತರಿಸಿ. ಮೆರೂನಿನಲ್ಲೇ ಹತ್ತು ಬಗೆಯಿದೆ, ಸಾಲಾಗಿ ನಿಂತಾಗ ನಿಮ್ಮದೊಂದೇ ಬೇರೆಯಾಗಿ ಕಾಣುತ್ತದೆ.

ಕೋಟು

ಈಗ ಬೂಟು, ಪ್ಯಾಂಟು, ಗ್ಯಾಲಿಸ್, ಅಂಗಿ, ಕಮರ್‌ಬಂದು ಎಲ್ಲ ತೊಟ್ಟು ನಿಲ್ಲಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ, ಎದೆ ಉಬ್ಬಿಸಬೇಡಿ. ಪರೇಡಿನ ಅಭ್ಯಾಸದಿಂದ ಟೇಪು ಕಂಡ ಕೂಡಲೇ ಸಾವಧಾನ್ ನಿಲ್ಲುವವರಿದ್ದಾರೆ. ಆ ಅಳತೆಯ ಕೋಟು ಊಟಕ್ಕೆ ಕೂತಾಗ ಕತ್ತು ಹಿಸುಕುತ್ತದೆ.

ಕೋಟಿನ ಕೆಳ ಅಂಚು ಕಮರ್‌ಬಂದಿನ ಮೇಲಂಚನ್ನು ಸುತ್ತಲೂ ಒಂದೂವರೆ ಇಂಚಿನಷ್ಟು ಮುಚ್ಚಬೇಕು. ಬೆನ್ನಿನ ಚೂಪು ಅದಕ್ಕಿಂತ ಇನ್ನೊಂದು ಇಂಚು ಕೆಳಗೆ. ಎದೆಯ ಸುತ್ತ ಮೂರರಿಂದ ಮೂರೂವರೆ ಇಂಚು ಸಡಿಲ ಸಾಕು. ತೋಳಿನ ಕಂಕುಳ ಮೇಲಕ್ಕಿರಲಿ. ಕಂಕುಳ ಆಳವಾಗಿ ಕೊರೆದರೆ ಆರಾಮವೆಂದು ದರ್ಜಿ ಹೇಳಬಹುದು, ಆಗುವುದು ಉಲ್ಟಾ. ಕೈ ಎತ್ತಿದ ಕೂಡಲೇ ಇಡೀ ಕೋಟೇ ಮೇಲೆ ಬರುತ್ತದೆ. ಟೋಸ್ಟಿಗೆ ಗ್ಲಾಸು ಎತ್ತುವ ರಾತ್ರಿ ಇದು ಎಲ್ಲರಿಗೂ ಕಾಣುತ್ತದೆ.

ಹೆಗಲಪಟ್ಟಿ ಬರುವ ಕೋಟಾದರೆ ಪಟ್ಟಿಗಳನ್ನು ಮೊದಲೇ ಕೊಂಡು ದರ್ಜಿಯ ಮುಂದಿಡಿ. ಪಟ್ಟಿಯ ಹೊರತುದಿ ಹೆಗಲ ಮೂಳೆಯ ಕೊನೆಗೆ ಬರಬೇಕು. ಹೆಗಲಿಗೆ ದಪ್ಪ ಪ್ಯಾಡು ಹಾಕಿದರೆ ಗಟ್ಟಿ ಪಟ್ಟಿ ಅದರ ಮೇಲೆ ದೋಣಿಯಂತೆ ತೇಲುತ್ತದೆ. ತೆಳು ಪ್ಯಾಡು ಸಾಕು. ಬಿಳಿ ಕೋಟಿನ ಲೋಹದ ಗುಂಡಿಗಳು ಬಿಚ್ಚುವಂತಿರಬೇಕು: ಬಟ್ಟೆಯಲ್ಲಿ ನೂಲಿನಿಂದ ಹೊಲಿದ ಸಣ್ಣ ತೂತು, ಹಿಂದೆ ಸುರುಳಿ ರಿಂಗು. ತೂತಿಗೆ ಲೋಹದ ಐಲೆಟ್ ಹೊಡೆಸಬೇಡಿ, ಎರಡು ಮಳೆಗಾಲದಲ್ಲಿ ತುಕ್ಕು ಬಿಟ್ಟು ಸುತ್ತ ಕಂದು ಉಂಗುರ ಮೂಡುತ್ತದೆ. ಬೀದರ್‌ಗೆ ಬಂದವರು ಊರ ನಡುವಿನ ಚೌಬಾರಾ ಗೋಪುರದ ಸುತ್ತ ಬಿದರಿ ಗುಂಡಿ, ಕಫ್‌ಲಿಂಕು ಕಂಡು ಆಸೆಪಡುತ್ತಾರೆ. ಕಪ್ಪಿನ ಮೇಲೆ ಬೆಳ್ಳಿ ನಿಜಕ್ಕೂ ಚೆಂದ. ಆದರೆ ಕೋಟಿಗೆ ನಿಮ್ಮ ಸೇನಾಪಡೆಯ ಗುಂಡಿಯೇ ಆಗಬೇಕು, ಬಿದರಿಯನ್ನು ನಾಗರಿಕ ಉಡುಪಿನ ಬಂದ್‌ಗಲಾಕ್ಕೆ ಇಟ್ಟುಕೊಳ್ಳಿ.

ಹೊಸದಾಗಿ ಅಧಿಕಾರಿಯಾದವರ ಮೈ ಎರಡು ವರ್ಷದಲ್ಲಿ ಬದಲಾಗುತ್ತದೆ. ಬೆನ್ನಿನ ನಡುಹೊಲಿಗೆ ಮತ್ತು ಪಕ್ಕದ ಹೊಲಿಗೆಗಳ ಒಳಗೆ ಒಂದೊಂದು ಇಂಚು ಬಟ್ಟೆ ಬಿಡಿಸಿ. ಪ್ಯಾಂಟಿನ ಹಿಂದೆ ಒಂದೂವರೆ ಇಂಚು. ತೋಳಿನಲ್ಲಿ ದರ್ಜೆಯ ಪಟ್ಟಿ ಇರುವ ಕೋಟಿಗೆ ತೋಳಿನ ಅಸ್ತರನ್ನು ಕೆಳಗಡೆ ಕೈಯಿಂದ ಸಡಿಲವಾಗಿ ಹೊಲಿಸಿದರೆ, ಬಡ್ತಿ ಸಿಕ್ಕಾಗ ಬಿಚ್ಚಿ ಪಟ್ಟಿ ಸೇರಿಸುವುದು ಒಂದು ದಿನದ ಕೆಲಸ. ಮಹಿಳಾ ಅಧಿಕಾರಿಗಳ ಕೋಟಿನಲ್ಲಿ ಎದೆಯ ಡಾರ್ಟು (ಮೈಗೆ ಹೊಂದಲು ಹಿಡಿದ ಚೂಪು ಹೊಲಿಗೆ) ಎಲ್ಲಿ ಮುಗಿಯುತ್ತದೆ ಎಂಬುದನ್ನು ಪದಕದ ಪಟ್ಟಿಯನ್ನು ಕೈಯಲ್ಲಿಟ್ಟುಕೊಂಡೇ ಗುರುತು ಹಾಕಿಸಿ. ಡಾರ್ಟಿನ ತುದಿಯ ಮೇಲೆ ಕೂತ ಪದಕಗಳು ಮುಂದಕ್ಕೆ ತೂಗಾಡುತ್ತವೆ.

ಕಚ್ಚಾ ಟ್ರಯಲ್‌ನಲ್ಲಿ ನೋಡಬೇಕಾದ್ದು

ಕಚ್ಚಾ ಎಂದರೆ ಬಿಳಿ ದಾರದ ಉದ್ದುದ್ದ ಹೊಲಿಗೆ, ತೋಳು ಸುಮ್ಮನೆ ಸಿಕ್ಕಿಸಿದ್ದು, ಕಾಜಾ ಹಾಕದ್ದು. ಈಗ ಎಲ್ಲವನ್ನೂ ಬದಲಿಸಬಹುದು. ಕಾಜಾ ಕೊರೆದ ಮೇಲೆ ಏನೂ ಆಗದು.

ಕತ್ತಿನ ಹಿಂದೆ ಕಾಲರಿನಡಿ ಅಡ್ಡ ನೆರಿಗೆ ಬಂದರೆ ಬೆನ್ನು ಉದ್ದವಾಗಿದೆ, ಅಥವಾ ನಿಮ್ಮ ಹೆಗಲು ನೇರವಾಗಿವೆ. ಹಿಂದಿನ ಕತ್ತಿನಲ್ಲಿ ಕಾಲಿಂಚು ಇಳಿಸಿದರೆ ಹೋಗುತ್ತದೆ. ಕತ್ತಿನಿಂದ ಕಂಕುಳಿಗೆ ಓರೆ ಗೆರೆ ಬಂದರೆ ಹೆಗಲು ಇಳಿಜಾರು, ಹೆಗಲ ಹೊಲಿಗೆಯನ್ನು ಹೊರತುದಿಯಲ್ಲಿ ಒಳಗೆ ಹಿಡಿಯಬೇಕು. ಒಂದು ಹೆಗಲಲ್ಲಿ ಮಾತ್ರ ಬಂದರೆ ಆ ಹೆಗಲು ತಗ್ಗು, ಬಹಳ ಜನಕ್ಕೆ ಹಾಗೇ ಇರುತ್ತದೆ. ಆ ಕಡೆಗೆ ಒಂದು ಪದರ ಪ್ಯಾಡು ಹೆಚ್ಚು. ಮುಂದಿನ ಅಂಚುಗಳು ಕೆಳಗೆ ಹೋದಂತೆ ಬಾಗಿಲು ತೆರೆದ ಹಾಗೆ ಅಗಲಿದರೆ ಮುಂಭಾಗ ಗಿಡ್ಡವಾಗಿದೆ. ಇದೇ ಗಿಡ್ಡ ಕೋಟಿನ ದೊಡ್ಡ ರೋಗ. ಇಸ್ತ್ರಿ ಮಾಡಿ ಸರಿ ಮಾಡ್ತೀನಿ ಎಂದರೆ ಒಪ್ಪಬೇಡಿ, ಹೆಗಲಲ್ಲಿ ಬಿಟ್ಟ ಬಟ್ಟೆಯಿಂದ ಮುಂಭಾಗವನ್ನು ಇಳಿಸಲೇಬೇಕು. ಕೈ ಇಳಿಬಿಟ್ಟಾಗ ತೋಳಿನ ಹಿಂದೆ ನೆರಿಗೆ ಬಿದ್ದರೆ ತೋಳನ್ನು ನಿಮ್ಮ ಕೈ ಇಳಿಯುವ ದಿಕ್ಕಿಗೆ ಕಾಲಿಂಚು ತಿರುಗಿಸಿ ಕೂಡಿಸಲಿ.

ಮುಚ್ಚಿದ ಕಾಲರಾದರೆ ಕೊಕ್ಕೆ ಹಾಕಿ ಒಂದು ಬೆರಳು ತೂರಿಸಿ ನೋಡಿ. ಬೆಳಗಿನ ತಂಪಿನಲ್ಲಿ ಎರಡು ಬೆರಳು ಹೋದದ್ದು ಸಂಜೆಯ ಸೆಕೆಗೆ ಒಂದೇ ಬೆರಳಾಗುತ್ತದೆ. ಹಾಗಾಗಿ ಈ ಟ್ರಯಲ್ ಸಂಜೆಗಿಟ್ಟುಕೊಳ್ಳಿ.

ನಿಂತು ನೋಡಿದ್ದಾಯಿತೆಂದು ಬಿಚ್ಚಬೇಡಿ. ಕುರ್ಚಿ ಕೇಳಿ ಕೂತುಕೊಳ್ಳಿ, ಹತ್ತು ನಿಮಿಷ. ಮುಂದಕ್ಕೆ ಬಾಗಿ ಊಟ ಮಾಡುವಂತೆ ಕೈ ಚಾಚಿ, ಗ್ಲಾಸು ಎತ್ತುವಂತೆ ಕೈ ಎತ್ತಿ, ಎದ್ದು ಮತ್ತೆ ಕನ್ನಡಿ ನೋಡಿ. ಮೆಸ್ ಡ್ರೆಸ್ ಎರಡು ಮೂರು ತಾಸು ಕೂರುವ ಉಡುಪು, ದರ್ಜಿಗಳೆಲ್ಲ ಅದನ್ನು ನಿಲ್ಲಿಸಿಯೇ ನೋಡುತ್ತಾರೆ.

ಪುಟ್ಟ ಪದಕಗಳು

ಮೆಸ್ ಡ್ರೆಸ್ಸಿನ ಮೇಲೆ ದೊಡ್ಡ ಪದಕ ಬರುವುದಿಲ್ಲ, ಪುಟ್ಟವು ಬರುತ್ತವೆ. ಗಾತ್ರ ಹೆಚ್ಚುಕಡಿಮೆ ಅರ್ಧ, ರಿಬ್ಬನ್ನಿನ ಅಗಲ 32 ಮಿಲಿಮೀಟರಿಗೆ ಬದಲು 16. ಎಡ ಎದೆಗೆ, ತೆರೆದ ಕಾಲರಿನ ಕೋಟಾದರೆ ಎಡ ಲ್ಯಾಪೆಲ್ಲಿಗೆ, ಅಂದರೆ ಕಾಲರಿನ ಕೆಳಗೆ ಹೊರಕ್ಕೆ ಮಡಚಿದ ಅಂಚಿಗೆ. ಎಲ್ಲಕ್ಕಿಂತ ಹಿರಿಯದು ಎದೆಯ ನಡುವಿಗೆ ಹತ್ತಿರ, ಉಳಿದವು ಹೊರಕ್ಕೆ ಸರದಿಯಲ್ಲಿ. ಸರದಿಯನ್ನು ಅಂಗಡಿಯವನ ನೆನಪಿಗೆ ಬಿಡದೆ, ಸೇವಾ ದಾಖಲೆ ನೋಡಿ ಬರೆದುಕೊಡಿ. ಹೆಚ್ಚು ಪದಕಗಳಿದ್ದರೆ ಒಂದರ ಮೇಲೊಂದು ಅರ್ಧ ಕವಿಯುವಂತೆ ಕಟ್ಟುತ್ತಾರೆ. ಹಿರಿಯದು ಪೂರ್ತಿ ಕಾಣಬೇಕು, ಕೆಳತುದಿಗಳೆಲ್ಲ ಒಂದೇ ಗೆರೆಯಲ್ಲಿರಬೇಕು.

ಪದಕಗಳನ್ನು ಸಾಲಾಗಿ ಕಟ್ಟುವ ಬಾರಿನ ಪಿನ್ನನ್ನು ನೇರ ಬಟ್ಟೆಗೆ ಚುಚ್ಚಿದರೆ ವರ್ಷದಲ್ಲಿ ತೂತಾಗಿ ಲ್ಯಾಪೆಲ್ ಜೋತುಬೀಳುತ್ತದೆ. ಬಾರಿನ ಉದ್ದಕ್ಕೆ ಸರಿಯಾಗಿ ಎರಡು ದಾರದ ಲೂಪು ಹೊಲಿಸಿ ಅದರೊಳಗೆ ಪಿನ್ನು ತೂರಿಸಿ. ಲೂಪಿನ ಹಿಂದೆ, ಕ್ಯಾನ್ವಾಸಿಗೆ ಸೇರಿಸಿ, ಒಂದು ತುಂಡು ಫೆಲ್ಟು ಇರಲಿ. ಹಾಗಾಗಿ ಅಸ್ತರು ಮುಚ್ಚುವ ಮೊದಲೇ ಬಾರು ದರ್ಜಿಯ ಕೈ ಸೇರಿರಬೇಕು.

ಒಗೆತ, ಇಸ್ತ್ರಿ, ಪೆಟ್ಟಿಗೆ

ಬಿಳಿ ಕೋಟಿಗೆ ನಮ್ಮ ಕಡೆ ಎರಡು ಶತ್ರು. ಒಂದು ಬೀದರ್‌ನ ಕೆಂಪು ಜಂಬಿಟ್ಟಿಗೆ ಧೂಳು. ಅದು ಒದ್ದೆ ಬಟ್ಟೆಗೆ ತಾಗಿದರೆ ಕಲೆಯಾಗಿ ಕೂರುತ್ತದೆ, ಆದ್ದರಿಂದ ಒರೆಸಬೇಡಿ, ಒಣಗಿದಂತೆಯೇ ಬ್ರಷ್‌ನಿಂದ ಕೊಡವಿ. ಇನ್ನೊಂದು ಬೋರಿನ ಗಡಸು ನೀರು. ಅದರಲ್ಲಿ ಸಾಬೂನು ನೊರೆಯಾಗದೆ ಬೂದು ಪೊರೆಯಾಗಿ ಬಟ್ಟೆಗೆ ಅಂಟುತ್ತದೆ. ಕೊನೆಯ ಎರಡು ಅದ್ದಿಗೆಗಾದರೂ ಫಿಲ್ಟರ್ ನೀರು ಬಳಸಿ. ಬ್ಲೀಚು ಬೇಡ, ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ಬಟ್ಟೆಯಾದರೆ ಹಳದಿಯಾಗುತ್ತದೆ. ಉಣ್ಣೆಗಂತೂ ತಾಗಿಸಲೇಬಾರದು, ಅದು ಎಳೆಯನ್ನೇ ತಿನ್ನುತ್ತದೆ.

ಜರಿ ಕೆಲಸದ ಮೇಲೆ ಇಸ್ತ್ರಿ ಇಡಬೇಡಿ, ಅತ್ತರು ಸಿಂಪಡಿಸಬೇಡಿ, ಬೆವರಿದ ಬೆರಳಿಂದ ಮುಟ್ಟಬೇಡಿ. ಲೋಹದ ತಂತಿ ಕಪ್ಪಾಗುವುದು ಇವುಗಳಿಂದಲೇ. ಬಂಗಾರದ ಹೊಳಪಿನ ಆನೋಡೈಸ್ ಗುಂಡಿಗಳಿಗೆ ಹಿತ್ತಾಳೆ ಪಾಲಿಶ್ ಹಚ್ಚಿದರೆ ಹೊಳಪಿನ ಪದರವೇ ಎದ್ದುಬರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕೋಟನ್ನು ಅಗಲ ಹೆಗಲಿನ ಹ್ಯಾಂಗರಿಗೆ ಹಾಕಿ, ಮೇಲೆ ಹಳೆಯ ಮಲ್ಮಲ್ ಧೋತರದ ಚೀಲ ಹೊಲಿಸಿ ತೊಡಿಸಿ. ಡ್ರೈಕ್ಲೀನಿಂಗ್ ಅಂಗಡಿಯ ಪ್ಲಾಸ್ಟಿಕ್ ಚೀಲವನ್ನು ಆ ದಿನವೇ ಕಿತ್ತೆಸೆಯಿರಿ, ಒಳಗೆ ಬೆವೆತು ಬೂಷ್ಟು ಹಿಡಿಯುತ್ತದೆ. ನುಸಿಗುಳಿಗೆ ಕಪಾಟಿನ ಮೂಲೆಯಲ್ಲಿರಲಿ, ಜೇಬಿನಲ್ಲಿ ಬೇಡ. ಒಣ ಬೇವಿನ ಸೊಪ್ಪಾದರೆ ಇನ್ನೂ ಮೇಲು.

ರೈಲಿನಲ್ಲಿ ಒಯ್ಯುವಾಗ ಪದಕ, ಹೆಗಲಪಟ್ಟಿ, ಗುಂಡಿಗಳನ್ನು ಬಿಚ್ಚಿ ಬೇರೆ ಡಬ್ಬಿಗೆ ಹಾಕಿ. ಕೋಟನ್ನು ಒಳಹೊರಗಾಗಿ ತಿರುವಿ, ಒಂದು ಹೆಗಲಿನೊಳಗೆ ಇನ್ನೊಂದು ಹೆಗಲು ತೂರಿಸಿ, ನಡುವೆ ಟವೆಲ್ ಸುರುಳಿ ಇಟ್ಟು ಒಮ್ಮೆ ಮಾತ್ರ ಮಡಚಿ. ಡಬ್ಬಿಯಲ್ಲಿ ಸೂಜಿ, ಕಪ್ಪು ಬಿಳಿ ದಾರ, ಎರಡು ಗ್ಯಾಲಿಸ್ ಗುಂಡಿ, ಒಂದು ಸುರುಳಿ ರಿಂಗು ಹೆಚ್ಚಿಗೆ ಇರಲಿ. ರಿಂಗು ಯಾವಾಗಲೂ ಉಡುವ ಹೊತ್ತಿಗೇ ಕೈಜಾರಿ ಮಂಚದ ಕೆಳಗೆ ಉರುಳುತ್ತದೆ.